ಬದುಕಿದ್ದವನಿಗೆ ಬಿಟ್ಟ ನೀರು

ಶನಿವಾರ ಇನ್ನೂ ಊಟದ ಹೊತ್ತಾಗಿರಲಿಲ್ಲ, ವರ್ಲೀನ್ ಟಾಲಿವರ್‌ಗೆ ಆಗಲೇ ಸಾಕೋ ಸಾಕಾಗಿತ್ತು. ಪಾದ ಊದಿ ಬೂಟು ಕಚ್ಚುತ್ತಿತ್ತು. ಹಿಂದಿನ ರಾತ್ರಿ ಕಣ್ಣಿಗೆ ನಿದ್ದೆ ಹತ್ತಿರಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ವಾಕಿಟಾಕಿಗೆ ಮಾತ್ರ ದಣಿವು ಅನ್ನೋದೇ ಇಲ್ಲ, ಒಂದೇ ಸಮನೆ ಬಡಬಡಿಸುತ್ತಿತ್ತು. ಮೇಲಿನ ಕೋಣೆಯಲ್ಲಿ ಮೈಕ್ ಸತ್ತಿದೆ. ಗದ್ದಲ ತಡೆಯಲಾಗದವರಿಗೆ ಅಂತ ಬಿಟ್ಟ ಮೌನದ ಕೋಣೆಯಲ್ಲಿ ಯಾರೋ ಕೂತು ಫೋನಿನಲ್ಲಿ ಗಂಡನ ಜೊತೆ ಜಗಳ ಆಡ್ತಿದ್ದಾಳೆ. ವೇಷ ಕಟ್ಟಿದವರ ಕೂದಲು ಸರಿಮಾಡುವ ಮೇಜಿನ ಮುಂದೆ ಸಾಲು ಬಾಗಿಲಾಚೆ ಹೋಗಿದೆ. ದೊಡ್ಡ ರೆಕ್ಕೆ ಕಟ್ಟಿಕೊಂಡು ಬಂದ ಒಬ್ಬಾತ ಲಿಫ್ಟಿನ ಬಾಗಿಲಲ್ಲಿ ಸಿಕ್ಕಿಕೊಂಡು ಒಳಗೂ ಇಲ್ಲ ಹೊರಗೂ ಇಲ್ಲ ಅನ್ನೋ ಹಾಗಾಗಿದ್ದಾನೆ. ಎಲ್ಲದಕ್ಕೂ ಕರೆಯೋದು ಒಂದೇ ಹೆಸರು: ಮಿಸ್ ವರ್ಲೀನ್, ಮಿಸ್ ವರ್ಲೀನ್.

ಮೆಂಫಿಸ್‌ನ ಕರಿಬಾನು ಮೇಳ ಅಂದರೆ ಹೀಗೇ. ಕಾಮಿಕ್ಸ್ ಅಂದರೆ ಪ್ರಾಣ ಬಿಡುವವರು, ಬಾಹ್ಯಾಕಾಶದ ಕತೆ ಓದಿ ಓದಿ ಕನ್ನಡಕ ದಪ್ಪ ಮಾಡಿಕೊಂಡವರು, ದಾಳದ ಆಟಕ್ಕೆ ಕೂತರೆ ಊಟ ಮರೆಯುವವರು, ಎಲ್ಲರೂ ಕಪ್ಪು ಮಂದಿ, ವರ್ಷಕ್ಕೊಮ್ಮೆ ಒಂದು ಕಡೆ ಸೇರುತ್ತಾರೆ. 'ಇದೆಲ್ಲ ಬಿಳಿಯರ ಹುಚ್ಚು, ನಿನಗ್ಯಾಕೆ ಬೇಕಿತ್ತು' ಅಂತ ಮನೆಯವರಿಂದ, 'ವೇಷ ಚೆನ್ನಾಗಿದೆ, ಆದರೆ ಆ ವೀರ ಕಪ್ಪಗಿಲ್ವಲ್ಲ' ಅಂತ ಬೇರೆ ಮೇಳಗಳಲ್ಲಿ, ಎರಡೂ ಕಡೆ ಅನ್ನಿಸಿಕೊಂಡವರು. ಇಲ್ಲಿ ಯಾರೂ ಹಾಗೆ ಅನ್ನೋದಿಲ್ಲ. ಅಷ್ಟಕ್ಕೇ ಜನ ದೂರದೂರದಿಂದ ಬರುತ್ತಾರೆ, ಅಷ್ಟಕ್ಕೇ ವರ್ಲೀನ್ ಬಸ್ ಡಿಪೋದ ಕೆಲಸ ಮುಗಿಸಿ ಬಂದು ವರ್ಷಪೂರ್ತಿ ಇದಕ್ಕೆ ಜೀವ ತೇಯುತ್ತಾಳೆ. ಐವತ್ತೆಂಟು ದಾಟಿದೆ. ಜೀವ ತೇಯೋದಕ್ಕೂ ಒಂದು ಮಿತಿ ಬೇಡವೇ.

ಆದರೆ ಅವಳ ನಿದ್ದೆ ಕೆಡಿಸಿದ್ದು ಈ ಓಡಾಟವಲ್ಲ. ಶುಕ್ರವಾರ ಸಂಜೆ ನೀರು ಬಿಟ್ಟದ್ದು.

ಮೇಳ ಶುರುವಾಗೋದೇ ಹಾಗೆ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದ ಮಿಸ್ ಅರ್ಮೆಂಟಾ, ಎಂಬತ್ತರ ಮುದುಕಿ, ತಾನೇ ಹೊಲಿದ ಗಗನನೌಕೆಯ ಕ್ಯಾಪ್ಟನ್ ಅಂಗಿ ತೊಟ್ಟು ವೇದಿಕೆಯಲ್ಲಿ ಕೂರುತ್ತಾಳೆ. ಮುಂದೆ ಒಂದು ಗಿಡದ ಕುಂಡ. ಆ ವರ್ಷ ತೀರಿಕೊಂಡ ಗೆಳೆಯರ ಹೆಸರನ್ನು ಒಬ್ಬೊಬ್ಬರಾಗಿ ಎದ್ದು ಹೇಳಬೇಕು, ಆಕೆ ಗಿಡದ ಬುಡಕ್ಕೆ ನೀರು ಬಿಡಬೇಕು, ಇಡೀ ಸಭೆ 'ಅಶೇ', ಅಂದರೆ ಹಾಗೇ ಆಗಲಿ, ಅನ್ನಬೇಕು. ಈ ಸಲ ವರ್ಲೀನ್ ಎದ್ದು ನಿಂತಳು. 'ಲಿಂಡೆಲ್ ಪೆಟಿಸ್' ಅಂದಳು. ಸಭೆಯಲ್ಲಿ ಹಳಬರೆಲ್ಲ ಉಸಿರು ಬಿಗಿಹಿಡಿದರು. 'ಮೂರನೇ ಕ್ಲಾಸಿನಲ್ಲಿ ನನ್ನ ಕಾಮಿಕ್ಸ್ ಹರಿದವನ ಮೂಗು ಒಡೆದವನು. ನನಗೆ ಆಪರೇಷನ್ ಆದಾಗ ಪಕ್ಕದಲ್ಲಿ ಕೂತು ಒಂದು ದಪ್ಪ ಪುಸ್ತಕ ಪೂರಾ ಓದಿ ಹೇಳಿದವನು, ಎಲ್ಲ ಪಾತ್ರಕ್ಕೂ ಬೇರೆಬೇರೆ ದನಿ ಮಾಡಿ. ಈ ಮೇಳಕ್ಕೆ ಮೊದಲ ಮೇಜು ಹೊತ್ತವನು. ಅವನಿಲ್ಲದೆ ನಾನೂ ಇಲ್ಲ, ಇದೂ ಇಲ್ಲ.' ಅಷ್ಟು ಹೇಳಿ ಕೂತುಬಿಟ್ಟಳು. ನೀರು ಬಿದ್ದಿತು, ಅಶೇ ಅಂದರು. ಯಾರೋ ಅದನ್ನು ಫೋನಿನಲ್ಲಿ ಹಿಡಿದರು. ಈ ಕಾಲದಲ್ಲಿ ಅಳುವವರಿಗಿಂತ ಹಿಡಿಯುವವರೇ ಜಾಸ್ತಿ.

ಲಿಂಡೆಲ್ ಮತ್ತು ವರ್ಲೀನ್ ನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದರು. ಜಗಳ ಆಸ್ತಿಗಲ್ಲ, ಪ್ರೀತಿಗಲ್ಲ, ಮೆಟ್ಟಿಲಿಗೆ. ಮೇಳ ಆಗ ಇವರ ಬೀದಿಯ ಲೈಬ್ರರಿಯ ನೆಲಮಾಳಿಗೆಯಲ್ಲಿ ನಡೀತಿತ್ತು. ಕಡಿದಾದ ಮೆಟ್ಟಿಲು, ಲಿಫ್ಟ್ ಇಲ್ಲ. ಗಾಲಿಕುರ್ಚಿಯಲ್ಲಿ ಬಂದವರನ್ನು ನಾಲ್ಕು ಜನ ಎತ್ತಿಕೊಂಡು ಇಳಿಸಬೇಕು. ಹೋಟೆಲಿಗೆ ಹೋಗೋಣ ಅಂದಳು ವರ್ಲೀನ್. 'ನಾವು ಪ್ರೀತಿಯಿಂದ ಹೊತ್ತು ಇಳಿಸ್ತೀವಿ. ಒಬ್ಬರಾದ್ರೂ ದೂರಿದ್ದಾರಾ?' ಅಂದ ಲಿಂಡೆಲ್. 'ಅದೇ ಸಂಕಟ. ಒಬ್ಬರೂ ದೂರಲಿಲ್ಲ' ಅಂದಳು ಅವಳು. 'ಹೈವೇ ಪಕ್ಕದ ಹೋಟೆಲಿಗೆ ನಮ್ಮ ಬೀದಿ ಮಕ್ಕಳು ನಡ್ಕೊಂಡು ಬರ್ತಾವಾ? ನೀನು ಮೇಳ ಮಾರಿಬಿಟ್ಟೆ' ಅಂದ. 'ನೀನು ಮೆಟ್ಟಿಲು ಕಟ್ಕೊಂಡು ಸಾಯಿ' ಅಂದಳು. ಮುಗೀತು. ಇಬ್ಬರೂ ಹೇಳಿದ್ದು ಸರಿಯೇ ಇತ್ತು, ಅದಕ್ಕೇ ರಾಜಿ ಆಗಲಿಲ್ಲ. ಹೋಟೆಲಿಗೆ ಬಂದ ಮೇಲೆ ಗಾಲಿಕುರ್ಚಿಯವರು ಹೆಚ್ಚಾದರು, ಬೀದಿ ಮಕ್ಕಳು ನಿಂತೇಹೋದರು. ವರ್ಲೀನ್‌ಗೆ ಅದು ಗೊತ್ತಿತ್ತು. ಬಾಯಿಬಿಟ್ಟು ಒಪ್ಪಿಕೊಳ್ಳೋದು ಬೇರೆ ಮಾತು.

ಹೋದ ತಿಂಗಳು ಅವಳ ಫೋನಿಗೆ ಒಂದು ಫೋಟೋ ಬಂತು. ಲಿಂಡೆಲ್‌ನ ಹಳೇ ದಾಳಗಳು, ಅವುಗಳ ಪಕ್ಕ ಹಚ್ಚಿಟ್ಟ ಮೇಣದಬತ್ತಿ, ಹಿಂದೆ ಅವನ ಖಾಲಿ ಕುರ್ಚಿ. ಕೆಳಗೆ ಆಟದ ಗುಂಪಿನವರೆಲ್ಲ ಅತ್ತು ಬರೆದಿದ್ದರು. ಡಿಪೋದಿಂದ ಆಗಷ್ಟೇ ಬಂದು ಕೂತಿದ್ದ ವರ್ಲೀನ್ ಫೋಟೋ ನೋಡಿ ಎದೆ ಒಡೆದುಕೊಂಡಳು. ಅವನ ತಂಗಿ ಡೊರೆಥಾಗೆ ಒಂದು ಫೋನ್ ಮಾಡಿದ್ದರೆ ಆಗಿತ್ತು. ಮಾಡಲಿಲ್ಲ. ನಾಲ್ಕು ವರ್ಷ ಇಲ್ಲದವಳು ಸಾವಿಗೆ ಬಂದಳು ಅನ್ನಿಸಿಕೊಳ್ಳೋದು ಯಾರಿಗೆ ಬೇಕು ಅಂದುಕೊಂಡಳು. ಹಾಗಂತ ತನಗೆ ತಾನೇ ಹೇಳಿಕೊಂಡಳು.

ಈಗ ವಾಕಿಟಾಕಿಯಲ್ಲಿ ಜಕೀಯಾಳ ದನಿ. ಮೇಳದ ಓಡಾಟದಲ್ಲಿ ವರ್ಲೀನ್‌ಗೆ ಬಲಗೈ ಆಗಿದ್ದ ಹೆಂಗಸು ಅವಳು, ಯಾವುದಕ್ಕೂ ಗಾಬರಿ ಬೀಳದವಳು. ಇವತ್ತು ಅವಳ ದನಿಯೇ ಒಂಥರಾ ಇತ್ತು.

"ಮಿಸ್ ವರ್ಲೀನ್, ಸ್ವಲ್ಪ ಮುಂಬಾಗಿಲಿಗೆ ಬರ್ತೀರಾ. ಇಲ್ಲೊಬ್ಬರು ಟಿಕೆಟ್ ತಗೊಳಲ್ಲ ಅಂತಿದಾರೆ."

"ತಗೊಳ್ಳದಿದ್ರೆ ಬಿಡು ಮರಿ, ಒಳಗೆ ಕಳಿಸು. ಇದಕ್ಕೂ ನಾನೇ ಬರಬೇಕಾ?"

"ಅದಲ್ಲ. ಸತ್ತವರಿಗೆ ಟಿಕೆಟ್ ಯಾಕೆ ಅಂತ ಕೇಳ್ತಿದಾರೆ."

ವರ್ಲೀನ್‌ಗೆ ಅಷ್ಟೇ ಸಾಕಾಯಿತು. ಆಮೇಲೆ ಹೇಗೆ ಮುಂಬಾಗಿಲು ಮುಟ್ಟಿದಳೋ ಅವಳಿಗೇ ಗೊತ್ತಿಲ್ಲ. ಗಾಜಿನ ಬಾಗಿಲಾಚೆ, ಗಾಲಿಕುರ್ಚಿಗೆ ಅಂತ ಹಾಕಿಸಿದ್ದ ಇಳಿಜಾರಿನ ಮೇಲೆ, ಲಿಂಡೆಲ್ ಪೆಟಿಸ್ ನಿಂತಿದ್ದ. ಮೊದಲಿನ ಅರ್ಧದಷ್ಟಾಗಿದ್ದ. ನಡೆಯಲು ಆಸರೆಗೆ ಅಲ್ಯುಮಿನಿಯಂ ಚೌಕಟ್ಟು ಹಿಡಿದಿದ್ದ, ತೋಳಿಗೆ ಬಟ್ಟೆ ಸುತ್ತಿತ್ತು. ಮುಖದ ಮೇಲಿನ ಆ ಕೊಂಕು ನಗು ಮಾತ್ರ ಒಂದು ಚೂರೂ ತೆಳ್ಳಗಾಗಿರಲಿಲ್ಲ.

"ಏನು ಹಾಗೆ ನೋಡ್ತೀಯ," ಅಂದ. "ವಿಡಿಯೋ ನೋಡಿದೆ, ನಿನ್ನೆ ಅಷ್ಟೊಂದು ಹೊಗಳಿದ್ಯಲ್ಲ, ಇನ್ನೇನಾದ್ರೂ ಬಾಕಿ ಇದೆಯೇನೋ ಕೇಳ್ಕೊಂಡು ಹೋಗೋಣ ಅಂತ ಬಂದೆ."

"ಫೋಟೋ ಬಂತಲ್ಲೋ. ದಾಳ, ಮೇಣದಬತ್ತಿ..."

"ಹೂಂ. ಮುದುಕ ಸತ್ತ. ಮಾಂತ್ರಿಕ ಮುದುಕ. ದಾಳದ ಆಟದಲ್ಲಿ ನಾನು ಇಪ್ಪತ್ತಾರು ವರ್ಷ ಆಡಿದ ಪಾತ್ರ ಕಣೇ ಅದು. ಕಣಿವೆ ಯುದ್ಧದಲ್ಲಿ ಹೋದ. ಅವನಿಗೆ ಹಚ್ಚಿದ ಬತ್ತಿ ಅದು, ನನಗಲ್ಲ. ನಮ್ಮ ಗುಂಪಿನವರು ಯಾರಾದ್ರೂ ನಿನ್ನೆ ಬಂದಿದ್ರೆ ಅಲ್ಲೇ ಹೇಳ್ತಿದ್ರು."

ಹತ್ತಿರ ನಿಂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ನಗದೆ ಏನು ಮಾಡ್ತಾರೆ. ಬಹಳ ಕಾಲ ಆಡಿದ ಪಾತ್ರ ಸತ್ತರೆ ಅದರ ದಾಳಗಳನ್ನು ಮತ್ತೆ ಮುಟ್ಟಬಾರದು, ಬತ್ತಿ ಹಚ್ಚಿ ಕುರ್ಚಿ ಖಾಲಿ ಬಿಡಬೇಕು ಅಂತ ಈ ಊರಿನ ಆಟಗಾರರಿಗೆ ಕಲಿಸಿದವಳೇ ವರ್ಲೀನ್. ಹೊರಗಿನವರು ಯಾರಾದರೂ ತಪ್ಪು ತಿಳಿದಿದ್ದರೆ ಒಂದು ಮಾತು. ಪದ್ಧತಿ ಹುಟ್ಟುಹಾಕಿದವಳೇ ಪದ್ಧತಿಗೆ ಮೋಸಹೋಗಿ, ಬದುಕಿದ್ದವನಿಗೆ ಎಳ್ಳುನೀರು ಬಿಟ್ಟ ಹಾಗಾಗಿತ್ತು. ಅವಳಿಗೆ ನಗು ಬರಲಿಲ್ಲ. ನೆಲ ಬಾಯಿಬಿಟ್ಟಿದ್ದರೆ ಒಳಗೆ ಹೋಗಿ ಒಂದು ನಿದ್ದೆ ಮಾಡಿಬಿಡುತ್ತಿದ್ದಳು.

"ಕ್ಷಮಿಸು" ಅಂತ ಅನ್ನಬೇಕು ಅಂತ ಬಾಯಿ ತೆರೆದಳು. ಅಷ್ಟರಲ್ಲಿ ಸೊಂಟದಲ್ಲಿ ವಾಕಿಟಾಕಿ ಕೂಗಿತು. ರೆಕ್ಕೆಯವನು ಲಿಫ್ಟಿನಿಂದ ಹೊರಬಂದ, ರೆಕ್ಕೆ ಒಳಗೇ ಉಳಿದಿದೆ.

"ಹೋಗು ಹೋಗು," ಅಂದ ಲಿಂಡೆಲ್. "ನಾನೆಲ್ಲಿ ಹೋಗ್ತೀನಿ. ಸಂಜೆ ಮನೆಗೆ ಬಿಡೋ ವ್ಯಾನ್ ಬರೋವರೆಗೂ ಇಲ್ಲೇ ಇರ್ತೀನಿ."

ಆಗಿನಿಂದ ಅವಳಿಗೆ ಒಂದೇ ಯೋಚನೆ. ಸಂಜೆಯೊಳಗೆ ಇವನ ಹತ್ತಿರ ಕೂತು ಮಾತಾಡಬೇಕು. ಈ ಸಲ ತಪ್ಪಿದರೆ ಇವನು ಮತ್ತೆ ಬರುವವನಲ್ಲ, ತಾನು ಹೋಗುವವಳಲ್ಲ, ಇಬ್ಬರ ಹಟವೂ ಅವಳಿಗೆ ಚೆನ್ನಾಗಿ ಗೊತ್ತು. ಆದರೆ ಹೋದಲ್ಲೆಲ್ಲ ಕೆಲಸ ಅಡ್ಡ ಬಂತು. ದೂರದಿಂದ ನೋಡುತ್ತಿದ್ದಳು. ಲಿಂಡೆಲ್ ಮೇಳದ ತುಂಬ ಮೆರೆಯುತ್ತಿದ್ದ. 'ಪೂರ್ವಜರು ಬಂದರು, ದಾರಿ ಬಿಡಿ' ಅಂತ ಯಾರೋ ತಮಾಷೆ ಶುರುಮಾಡಿದರು, ಎಲ್ಲರಿಗೂ ಅದೇ ಹತ್ತಿಕೊಂಡಿತು. ಊಟದ ಮೇಜಿನವರು ಹೊಗೆಯಲ್ಲಿ ಬೆಂದ ಮಾಂಸ ಕಲಸಿದ ಒಂದು ತಟ್ಟೆ ಬಾರ್ಬೆಕ್ಯೂ ಶಾವಿಗೆ ತಂದು ಮುಂದಿಟ್ಟರು. ಅವನು ಎರಡು ತುತ್ತು ತಿಂದು ತಟ್ಟೆ ಸರಿಸಿದ. ವೈದ್ಯರು ಉಪ್ಪು ಬೇಡ ಅಂದಿದ್ದಾರಂತೆ, ನೀರನ್ನೂ ಅಳೆದು ಕುಡಿಯಬೇಕಂತೆ. ಮೂತ್ರಪಿಂಡ ಕೈಕೊಟ್ಟಿದೆ, ವಾರಕ್ಕೆ ಮೂರು ಸಲ ಯಂತ್ರಕ್ಕೆ ಹಾಕಿ ರಕ್ತ ತೊಳೆಯುತ್ತಾರೆ. ಇದನ್ನು ಜಕೀಯಾ ಬಂದು ಹೇಳಿದಳು. ತನ್ನ ಗೆಳೆಯನ ಕಾಯಿಲೆಯ ಸುದ್ದಿ ತನಗೆ ಜಕೀಯಾ ಹೇಳಬೇಕಾಯಿತಲ್ಲ ಅಂತ ವರ್ಲೀನ್‌ಗೆ ನಾಚಿಕೆಯಾಯಿತು.

ಅವಳು ಮಿಸ್ ಅರ್ಮೆಂಟಾ ಹತ್ತಿರ ಹೋದಳು. "ಬಿಟ್ಟ ನೀರಿಗೆ ಏನು ಮಾಡೋದು ಮಿಸ್ ಅರ್ಮೆಂಟಾ? ಏನಾದ್ರೂ ದಾರಿ ಇದೆಯಾ?"

ಮುದುಕಿ ಕ್ಯಾಪ್ಟನ್ ಅಂಗಿಯ ಗುಂಡಿ ಸರಿಮಾಡಿಕೊಂಡಳು. "ಎಷ್ಟು ಜನರಿಗೆ ನೀರು ಬಿಟ್ಟಿದ್ದೀನೋ ಏನೋ. ಎದ್ದು ಬಂದು ಶಾವಿಗೆ ತಿಂದವನು ಇವನೊಬ್ಬನೇ. ಇದಕ್ಕೆ ಶಾಸ್ತ್ರ ನನಗೂ ಗೊತ್ತಿಲ್ಲ. ಅವನನ್ನೇ ಕೇಳು ಮರಿ. ಓಡಾಡ್ತಾ ಕೇಳಬೇಡ, ಕೂತು ಕೇಳು."

ಅವಳು ಹೋದಾಗ ಲಿಂಡೆಲ್ ದಾಳದ ಆಟದ ಕೋಣೆಯಲ್ಲಿ ಮೇಜಿನ ತಲೆಗೆ ಕೂತಿದ್ದ. ಸುತ್ತ ಐದಾರು ಜನ. ಅವನು ಕತೆ ಹೇಳಬೇಕು, ಉಳಿದವರು ಒಂದೊಂದು ಪಾತ್ರವಾಗಿ ಏನು ಮಾಡ್ತೀವಿ ಅನ್ನಬೇಕು, ಆಗುತ್ತೋ ಇಲ್ಲವೋ ಅಂತ ದಾಳ ಹೇಳಬೇಕು. ಈ ಊರಿನಲ್ಲಿ ಅವನ ಹಾಗೆ ಕತೆ ನಡೆಸುವವರು ಇನ್ನೊಬ್ಬರಿಲ್ಲ. ನಾಲ್ಕು ವರ್ಷ ಆ ಕೋಣೆ ಬಣಗುಟ್ಟಿತ್ತು.

"ಲಿಂಡೆಲ್, ಆದದ್ದು ಆಯ್ತು. ಏನು ಮಾಡಿದ್ರೆ ಸರಿಹೋಗುತ್ತೆ ಹೇಳು."

ಅವನು ತಲೆ ಎತ್ತಲಿಲ್ಲ. "ನಮ್ಮ ಮೇಜಿನ ಪದ್ಧತಿ ಮರೆತುಹೋಯ್ತಾ? ತನ್ನ ಅಜಾಗರೂಕತೆಯಿಂದ ಜೊತೆಗಾರನನ್ನ ಕೊಂದವರು ಏನು ಮಾಡಬೇಕು?"

ಮೇಜಿನ ಸುತ್ತ ಕೂತವರು ಅವಳ ಮುಖ ನೋಡಿದರು. ಪದ್ಧತಿ ಎಲ್ಲರಿಗೂ ಗೊತ್ತು. ಹಾಗೆ ಕೊಂದವರು ತಮ್ಮ ಹತ್ತಿರ ಇರೋದರಲ್ಲಿ ಒಂದನ್ನು ಕೊಡಬೇಕು, ಯಾವುದು ಅಂತ ಸತ್ತವನೇ ಹೇಳ್ತಾನೆ. ಕತ್ತಿಯೋ, ಕುದುರೆಯೋ, ಮಂತ್ರದ ಉಂಗುರವೋ. ಕೊಡಲ್ಲ ಅನ್ನುವ ಹಾಗಿಲ್ಲ.

"ಕೇಳು," ಅಂದಳು ವರ್ಲೀನ್.

"ಆ ವಾಕಿಟಾಕಿ."

"ಹುಚ್ಚಾ ನಿನಗೆ. ಇವತ್ತು ಶನಿವಾರ. ವೇಷದ ಸ್ಪರ್ಧೆ ಇದೆ, ಸಂಜೆ ಮೆರವಣಿಗೆ ಇದೆ..."

"ಮೇಳ ಮುಗಿಯೋವರೆಗೂ ಅದು ನಿನ್ನದಲ್ಲ. ಇಲ್ಲಿ ಒಂದು ಕುರ್ಚಿ ಖಾಲಿ ಇದೆ, ಬಂದು ಕೂತು ಆಡು. ಎಷ್ಟು ವರ್ಷ ಆಯ್ತೇ ನೀನು ಆಡಿ?"

ಎಷ್ಟು ವರ್ಷ ಆಗಿತ್ತೋ. ಮೇಳ ನಡೆಸುವವಳಿಗೆ ಮೇಳ ನೋಡೋಕೆ ಎಲ್ಲಿ ಪುರುಸೊತ್ತು. ಅವಳಿಗೆ ಸಿಟ್ಟು ಬಂತು, ಆಮೇಲೆ ಸಿಟ್ಟು ಮಾಡುವುದಕ್ಕೂ ತ್ರಾಣ ಇಲ್ಲ ಅಂತ ಗೊತ್ತಾಯಿತು. ಸೊಂಟದಿಂದ ವಾಕಿಟಾಕಿ ಕಿತ್ತು ಹಿಂದೆಯೇ ಬಂದಿದ್ದ ಜಕೀಯಾಳ ಕೈಗಿಟ್ಟಳು.

"ಮೆರವಣಿಗೆಯಲ್ಲಿ ಗಾಲಿಕುರ್ಚಿಯವರು ಮುಂದೆ, ಮರೀಬೇಡ," ಅಂದಳು.

"ಗೊತ್ತು ಮಿಸ್ ವರ್ಲೀನ್."

"ಮೌನದ ಕೋಣೆ ಪಕ್ಕ ಡೋಲು ಬಾರಿಸೋಕೆ ಬಿಡಬೇಡ."

"ಎಲ್ಲ ಗೊತ್ತು. ನಿಮ್ಮ ಹಿಂದೇನೇ ಓಡಾಡಿದ್ದೀನಲ್ಲ, ಕೂತ್ಕೊಳ್ಳಿ," ಅಂದಳು ಜಕೀಯಾ. ಅವಳ ಮುಖದಲ್ಲಿ ಕಂಡದ್ದು ಖುಷಿಯೋ ನಿರಾಳವೋ. ವರ್ಲೀನ್‌ಗೆ ಸ್ವಲ್ಪ ಅವಮಾನವೂ ಆಯಿತು.

ಕೂತಳು. ಬೂಟು ಕಳಚಿ ಕಾಲು ಚಾಚಿದಳು. ಅವಳಿಗೆ ಒಬ್ಬ ಬೇಟೆಗಾರ್ತಿಯ ಪಾತ್ರ ಕೊಟ್ಟರು. ಲಿಂಡೆಲ್ ಕತೆ ಶುರುಮಾಡಿದ. ದೇಹ ಅರ್ಧವಾಗಿದ್ದರೂ ದನಿ ಪೂರ್ತಿ ಇತ್ತು. ಒಂದು ನದಿ, ಮಂಜು, ಆಚೆ ದಡದಲ್ಲಿ ಯಾರದೋ ಬೆಂಕಿ. ದೋಣಿಯವನಿಗೆ ಒಂದು ದನಿ, ಕಾವಲುಗಾರನಿಗೆ ಇನ್ನೊಂದು. ವರ್ಲೀನ್ ಒಂದೆರಡು ಸಲ ದಾಳ ಹಾಕಿದಳು, ಒಂದು ಸಲ ಗೆದ್ದಳು. ಆಸ್ಪತ್ರೆಯಲ್ಲಿ ಮಲಗಿ ಕೇಳಿದ್ದ ದನಿ ಇದೇ ಅಲ್ಲವೇ ಅಂದುಕೊಂಡಳು. ಮೇಜಿನ ಮೇಲೆ ಕೈ ಮಡಚಿ, ಕೈ ಮೇಲೆ ಗಲ್ಲ ಇಟ್ಟಳು. ಸ್ವಲ್ಪ ಹೊತ್ತು ಹೀಗೇ ಕೇಳೋಣ ಅಂತ.

ಎಚ್ಚರವಾದಾಗ ಹೆಗಲ ಮೇಲೆ ಯಾರದೋ ವೀರವೇಷದ ಕೆಂಪು ಶಲ್ಯ ಹೊದಿಸಿತ್ತು. ಆಡುತ್ತಿದ್ದವರು ಪಿಸುಮಾತಿನಲ್ಲಿ ಮಾತಾಡುತ್ತಿದ್ದರು, ಸದ್ದಾಗದ ಹಾಗೆ ದಾಳವನ್ನು ಟೋಪಿಯೊಳಗೆ ಉರುಳಿಸುತ್ತಿದ್ದರು. ಮೇಜಿನ ತಲೆ ಖಾಲಿ. ಅವಳು ಧಡಕ್ಕನೆ ಎದ್ದಳು.

"ಲಿಂಡೆಲ್ ಎಲ್ಲಿ?"

"ಈಗಷ್ಟೇ ಹೋದರು. ವ್ಯಾನ್ ಹೊತ್ತಾಯ್ತಂತೆ. ಎಬ್ಬಿಸಬೇಡಿ ಅಂದ್ರು," ಅಂದ ಒಬ್ಬ. "ನಿಮ್ಮ ಬೇಟೆಗಾರ್ತಿಯ ದಾಳ ಅವರೇ ಹಾಕಿದ್ರು, ಮಿಸ್ ವರ್ಲೀನ್. ಬದುಕಿದ್ದಾಳೆ."

ಬೂಟು ಹಾಕಿಕೊಳ್ಳುವಷ್ಟು ತಾಳ್ಮೆ ಇರಲಿಲ್ಲ. ಬರಿಗಾಲಲ್ಲೇ ಓಡಿದಳು. ಓಡಿದಳು ಅಂದರೆ ಅವಳ ಮಂಡಿ ಎಷ್ಟು ಓಡಬಲ್ಲದೋ ಅಷ್ಟು. ಹಜಾರದಲ್ಲಿ ಮೆರವಣಿಗೆ ಹೊರಟಿತ್ತು, ಗಾಲಿಕುರ್ಚಿಯವರೇ ಮುಂದಿದ್ದರು, ಡೋಲು ದೂರದಲ್ಲಿತ್ತು, ಎಲ್ಲ ಅವಳಿಲ್ಲದೆ ಚೆನ್ನಾಗಿಯೇ ನಡೆದಿತ್ತು. ನಿಂತು ನೋಡುವ ಪುರುಸೊತ್ತಿರಲಿಲ್ಲ.

ಲಿಂಡೆಲ್ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಮೆಂಫಿಸ್‌ನ ಜುಲೈ ಬಿಸಿಲು ಸಂಜೆಯಾದರೂ ಕೆಳಗಿಳಿದಿರಲಿಲ್ಲ. ವ್ಯಾನ್ ಇನ್ನೂ ಬಂದಿರಲಿಲ್ಲ. ಅವಳು ಬಂದು ಪಕ್ಕದಲ್ಲಿ ಕುಕ್ಕರಿಸಿದಳು.

"ಗೊರಕೆ ಹೊಡೀತಿದ್ದೆ," ಅಂದ ಅವನು. "ದೈತ್ಯ ಬರೋ ಕಡೆ ಅದನ್ನೇ ಉಪಯೋಗಿಸ್ಕೊಂಡೆ. ಚೆನ್ನಾಗಿ ಹೊಂದಿತು."

"ಲಿಂಡೆಲ್, ಒಂದು ಮಾತು ಹೇಳ್ತೀನಿ, ನಡುವೆ ಬಾಯಿ ಹಾಕಬೇಡ." ಅವಳು ತನ್ನ ಬರಿಗಾಲು ನೋಡುತ್ತ ಹೇಳಿದಳು. "ಆ ಫೋಟೋ ನೋಡಿ ಅತ್ತೆ. ಅದು ಸುಳ್ಳಲ್ಲ. ಆದರೆ ಅಳೋಕೆ ಮುಂಚೆ ಒಂದು ಗಳಿಗೆ ಹಗುರ ಆಯ್ತು ಕಣೋ. ಅಬ್ಬ, ಇನ್ನು ಇವನಿಗೆ ಫೋನ್ ಮಾಡಬೇಕಾಗಿಲ್ಲ, ರಾಜಿ ಮಾಡ್ಕೋಬೇಕಾಗಿಲ್ಲ ಅಂತ. ಅದಕ್ಕೇ ಡೊರೆಥಾನ ಕೇಳಲಿಲ್ಲ. ಕೇಳಿದ್ರೆ ಎಲ್ಲಿ ಬದುಕಿದ್ದಾನೆ ಅಂತಾಳೋ ಅಂತ."

ಲಿಂಡೆಲ್ ಪಕ್ಕದಲ್ಲಿದ್ದ ಚೌಕಟ್ಟನ್ನು ಹತ್ತಿರ ಎಳೆದುಕೊಂಡ. ಎದ್ದು ಹೋಗಿಬಿಡ್ತಾನೆ ಅಂದುಕೊಂಡಳು. ಹೋದರೂ ತಪ್ಪಿಲ್ಲ ಅಂತಲೂ ಅಂದುಕೊಂಡಳು.

"ನನ್ನನ್ನ ಮೊದಲ ಸಲ ಯಂತ್ರಕ್ಕೆ ಹಾಕಿದಾಗ," ಅಂದ, "ಮಲಗಿಕೊಂಡು ಯೋಚನೆ ಮಾಡ್ತಿದ್ದೆ. ವರ್ಲೀನ್‌ಗೆ ಬಿಪಿ ಇದೆ, ಉಪ್ಪು ಬಿಡಲ್ಲ, ನಿದ್ದೆ ಮಾಡಲ್ಲ. ಅವಳೇ ಮೊದಲು ಹೋದ್ರೆ ನಾನು ಬಚಾವ್ ಅಂತ."

ಅವಳು ತಿರುಗಿ ಅವನ ಮುಖ ನೋಡಿದಳು. ಇಬ್ಬರಿಗೂ ಒಟ್ಟಿಗೇ ನಗು ಬಂತು. ಆ ನಗು ನಿಲ್ಲುವಾಗ ಅವಳ ಕಣ್ಣು ಒದ್ದೆಯಾಗಿತ್ತು.

"ಆ ಮುದುಕ ಮಾಂತ್ರಿಕನ್ನ ಬೇರೆ ಯಾರೂ ಕೊಲ್ಲಲಿಲ್ಲ," ಅಂದ ಲಿಂಡೆಲ್. "ನಾನೇ ಬೇಕು ಅಂತ ಕಣಿವೆಗೆ ನಡೆಸಿಕೊಂಡು ಹೋದೆ. ಅರ್ಧ ಕತೆಯಲ್ಲಿ ಅವನನ್ನ ಬಿಟ್ಟು ಹೋಗೋಕೆ ಮನಸ್ಸಾಗಲಿಲ್ಲ. ಅಕ್ಟೋಬರ್‌ನಲ್ಲಿ ಮಗಳ ಮದುವೆ ಇದೆ, ಅಲ್ಲಿವರೆಗೂ ತಡೀತೀನಿ. ಆಮೇಲೆ ಆ ಯಂತ್ರ ಸಾಕು ಅಂತ ವೈದ್ಯರಿಗೆ ಹೇಳಿದ್ದೀನಿ. ಸುಸ್ತಾಗಿದೆ ವರ್ಲೀನ್."

ಬೇಡ ಅನ್ನಬೇಕು ಅನ್ನಿಸಿತು. ಆದರೆ ಸುಸ್ತು ಅಂದರೆ ಏನು ಅಂತ ಅವಳಿಗೆ ಗೊತ್ತಿತ್ತು. ಅವನ ಕೈ ಹಿಡಿದುಕೊಂಡಳು. ಒಣ ಕಡ್ಡಿಯಂತಿತ್ತು ಕೈ.

"ಮುಂದಿನ ವರ್ಷ ಮತ್ತೆ ನನ್ನ ಹೆಸರು ಹೇಳು. ಆಗ ತಪ್ಪಾಗಲ್ಲ," ಅಂದ. "ಆದರೆ ನಿನ್ನೆ ಹೇಳಿದ ಹಾಗೆ ಬೇಡ. ಮೂಗು ಒಡೆದದ್ದು, ಆಸ್ಪತ್ರೆ, ಮೇಜು, ಎಲ್ಲ ಚೆನ್ನಾಗಿತ್ತು. ಜಗಳ ಎಲ್ಲಿ? ಜಗಳ ಬಿಟ್ಟು ಹೇಳಿದ್ರೆ ಅದು ನಾನಲ್ಲ, ಯಾರೋ ಒಳ್ಳೆಯವನು. ಲೈಬ್ರರಿ ವಿಷಯದಲ್ಲಿ ಲಿಂಡೆಲ್ ಹೇಳಿದ್ದೇ ಸರಿ ಇತ್ತು ಅಂತ ಮೈಕಿನಲ್ಲಿ ಹೇಳು."

ವರ್ಲೀನ್ ಕಣ್ಣೊರೆಸಿಕೊಂಡಳು. "ಅದೊಂದು ಹೇಳಲ್ಲ."

"ಸತ್ತವನು ಕೇಳ್ಕೊಂಡ್ರೂ?"

"ಕೇಳ್ಕೊಂಡ್ರೂ ಹೇಳಲ್ಲ. ತಪ್ಪು ನಿಂದೇ ಇತ್ತು ಅಂತ ಹೇಳ್ತೀನಿ. ಎಲ್ಲರ ಮುಂದೆ, ಹೆಸರು ಹಿಡಿದು."

ಲಿಂಡೆಲ್ ಕಣ್ಣು ಮುಚ್ಚಿ ಬೆನ್ನು ಒರಗಿಸಿದ. "ಹಾಂ," ಅಂದ. "ಈಗ ಸರಿಹೋಯ್ತು."

ವ್ಯಾನ್ ಬಂತು. ಚಾಲಕ ಇಳಿದು ಬಾಗಿಲು ತೆಗೆದ. ವರ್ಲೀನ್ ಅವನ ತೋಳಿಗೆ ಕೈಕೊಟ್ಟು ಹತ್ತಿಸಿದಳು, ಅಲ್ಯುಮಿನಿಯಂ ಚೌಕಟ್ಟನ್ನು ಮಡಚಿ ಒಳಗಿಟ್ಟಳು. ಒಳಗಿನಿಂದ ಡೋಲಿನ ಸದ್ದು, ಜನರ ಕೂಗು ಕೇಳಿಸುತ್ತಿತ್ತು. ಅವಳು ಆ ಕಡೆ ಒಂದು ಸಲ ನೋಡಿದಳು.

"ನೀವು?" ಅಂದ ಚಾಲಕ.

"ಇವನ ಜೊತೆಯವಳು," ಅಂದು ವರ್ಲೀನ್ ಹತ್ತಿ ಪಕ್ಕದಲ್ಲಿ ಕೂತಳು.